ಪಕ್ಕದ ಮಂಚದವರನ್ನು ಒಮ್ಮೆ ವಿಚಾರಿಸಿ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಓಣಿಗಳಲ್ಲಿ ಬೆಡ್ ಸ್ಪೇಸ್ ಹಿಡಿದು ದುಡಿಯುತ್ತಿರುವ ತಮ್ಮಂದಿರೇ, ನಿಮಗೆ ಒಂದೆರಡು ಮಾತು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಊರಲ್ಲಿ ಹೆಂಡತಿ ಮಕ್ಕಳಿದ್ದರೂ ಇಲ್ಲಿ ನೀವೆಲ್ಲ 'ಬ್ಯಾಚುಲರ್'ಗಳೇ. ಒಂದು ರೂಮಿಗೆ ಆರು ಜನ, ಮೇಲೊಂದು ಮಂಚ, ಕೆಳಗೊಂದು ಮಂಚ. ಪಕ್ಕದವರ ಗೊರಕೆ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ನಿಮಗೆ ಗೊತ್ತು. ಗೊರಕೆ ಕೇಳಿಸದ ರಾತ್ರಿ ಅವರು ಏನು ಯೋಚಿಸುತ್ತಾ ಮಲಗಿರುತ್ತಾರೆ ಎಂದು ಗೊತ್ತೇ? ಗೊತ್ತಿರುವುದಿಲ್ಲ, ಯಾಕೆಂದರೆ ನೀವು ಕೇಳಿರುವುದಿಲ್ಲ.

2020ರ ಏಪ್ರಿಲ್ ಕೊನೆಯಲ್ಲಿ ನಮ್ಮ ಎದುರಿನ ಫ್ಲಾಟಿನಲ್ಲಿದ್ದ ಕುಂದಾಪುರ ಕಡೆಯ ಹುಡುಗನ ತಂದೆ ತೀರಿಕೊಂಡರು. ಕೊರೊನಾದಿಂದಾಗಿ ವಿಮಾನಗಳು ನಿಂತು ತಿಂಗಳಾಗಿತ್ತು. ಊರಿಗೆ ಕರೆದೊಯ್ಯುವ ವಂದೇ ಭಾರತ್ ವಿಮಾನ ಮೊದಲು ಹೊರಟದ್ದೇ ಮೇ 7ಕ್ಕೆ. ಅಪ್ಪನ ಚಿತೆಗೆ ಬೆಂಕಿ ಇಟ್ಟದ್ದನ್ನು ಅವನು ಫೋನಿನಲ್ಲಿ ನೋಡಿದ. ಆಮೇಲೆ ಮೇಲಿನ ಮಂಚ ಹತ್ತಿ ಹೊದಿಕೆ ಎಳೆದುಕೊಂಡವನು ಇಳಿಯಲೇ ಇಲ್ಲ. ರೂಮಿನವರು ಕೆಟ್ಟವರಲ್ಲ. ಆದರೆ ಎಲ್ಲರೂ ಬಾಯಿಗೆ ಬಂದದ್ದನ್ನೇ ಹೇಳಿದರು: "ಗಟ್ಟಿಯಾಗು ಮಾರಾಯ, ನೀನೇ ಹೀಗಾದರೆ ಅಮ್ಮನ ಗತಿ ಏನು?" ಅಳಬೇಕಾದವನು ಅದನ್ನೂ ನುಂಗಿಕೊಂಡ.

ಮೆಸ್ಸಿನ ಅಡುಗೆ ನೋಡಿಕೊಳ್ಳುತ್ತಿದ್ದ ಉಪ್ಪಳದ ಬ್ಯಾರಿಯೊಬ್ಬರು ಮಾತ್ರ ಬುದ್ಧಿ ಹೇಳಲು ಹೋಗಲಿಲ್ಲ. ಅದು ರಂಜಾನ್ ತಿಂಗಳು. ಸಂಜೆ ಉಪವಾಸ ಬಿಟ್ಟ ಮೇಲೆ ಒಂದು ತಟ್ಟೆ ಗಂಜಿ ತಂದು ಮಂಚದ ಏಣಿಯ ಬುಡದಲ್ಲಿ ಕೂರುತ್ತಿದ್ದರು. ಅವನು ತಿಂದರೆ ಸರಿ, ಬಿಟ್ಟರೂ ಸರಿ. ಹನ್ನೊಂದು ದಿನ ಆ ಅಡುಗೆಮನೆಗೆ ಮೀನು ಬರಲಿಲ್ಲ. ಐದನೇ ದಿನ ಹುಡುಗ ತಾನೇ ಇಳಿದು ಬಂದು ಮಂಚದ ಕೆಳಗಿನ ಪೆಟ್ಟಿಗೆಯಿಂದ ಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದ. ಅದರ ಮೇಲೆ ಅಪ್ಪನ ಕೈಬರಹದಲ್ಲಿ ಅವನ ಹೆಸರಿತ್ತು. ಎಲ್ಲರ ತಟ್ಟೆಗೂ ಒಂದೊಂದು ಮಿಡಿ ಬಡಿಸಿ, ಆಮೇಲೆ ಗೋಡೆಗೆ ಒರಗಿ ಅತ್ತ. ಯಾರೂ "ಅಳಬೇಡ" ಅನ್ನಲಿಲ್ಲ. ಆಪತ್ತಿಗಾದವನೇ ನೆಂಟ ಎಂಬ ಗಾದೆಗೆ ಆ ದಿನ ನನಗೆ ಅರ್ಥ ಸಿಕ್ಕಿತು.

ಆದ್ದರಿಂದ ದುಃಖದಲ್ಲಿರುವವರ ಬಳಿ ಬುದ್ಧಿಮಾತಿನ ಗಂಟು ಬಿಚ್ಚಬೇಡಿ. ಸುಮ್ಮನೆ ಕೂರಿ. ಫೋನನ್ನು ಮಗುಚಿಟ್ಟು ಕೂರಿ. "ನನ್ನ ಕಷ್ಟದ ಮುಂದೆ ನಿನ್ನದೇನು" ಎಂದು ಶುರು ಮಾಡಬೇಡಿ, ಅದು ಗಾಯದ ಮೇಲೆ ಬರೆ ಎಳೆದ ಹಾಗೆ. ಅವರು ಹೇಳಿಕೊಂಡದ್ದು ರೂಮಿನ ಬಾಗಿಲು ದಾಟಬಾರದು. ಅತ್ತದ್ದರ ಫೋಟೋ, ವಾಯ್ಸ್ ಮೆಸೇಜು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಚಾಳಿ ನಿಮ್ಮಲ್ಲಿ ಕೆಲವರಿಗಿದೆ. ಮೊದಲು ಅದನ್ನು ಬಿಡಿ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಖಾಸಗಿ ವಿಷಯ ಹರಡುವುದು ಈ ದೇಶದಲ್ಲಿ ಅಪರಾಧ. ಟಿಕೆಟ್ಟಿಗೆಂದು ಸಾರ್ವಜನಿಕವಾಗಿ ಚಂದಾ ಎತ್ತುವುದೂ ಹಾಗೆಯೇ, ಪರವಾನಗಿ ಇಲ್ಲದೆ ಕೂಡದು. ನಿಜವಾದ ಸಂಕಷ್ಟ ಇದ್ದರೆ ರಾಯಭಾರ ಕಚೇರಿಗೆ ಹೋಗಿ. 2009ರಿಂದ ಅಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದು ಇಂಥ ಹೊತ್ತಿಗೆಂದೇ ಇದೆ.

ದೇವರ ವಿಷಯಕ್ಕೆ ಬರುತ್ತೇನೆ. ಮನಸ್ಸು ಮುರಿದವರಿಗೆ ಪ್ರಾರ್ಥನೆ ದೊಡ್ಡ ಆಸರೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಅಬು ಮುರೈಖಾದಲ್ಲಿ 2024ರ ಫೆಬ್ರವರಿ 14ರಂದು ಉದ್ಘಾಟನೆಯಾದ ಮಂದಿರವಿದೆ, ಮುಶ್ರಿಫ್‌ನಲ್ಲಿ ಇಗರ್ಜಿ ಇದೆ, ಓಣಿಯ ತುದಿಯಲ್ಲಿ ಮಸೀದಿ ಇದೆ. ಅವರ ದೇವರು ಎಲ್ಲಿದ್ದಾನೋ ಅಲ್ಲಿಗೆ ನೀವು ಜೊತೆಯಾಗಿ ಹೋಗಿ. ಒಳಗೆ ಹೋಗುವುದು ನಿಮ್ಮ ಪದ್ಧತಿಯಲ್ಲವಾದರೆ ಹೊರಗೆ ಕಾಯಿರಿ. ನಿಮ್ಮ ದೇವರನ್ನು ಅವರ ಮೇಲೆ ಹೇರಬೇಡಿ. "ದೇವರ ಮೇಲೆ ಭಾರ ಹಾಕು, ಡಾಕ್ಟರು ಯಾಕೆ" ಎಂದು ಯಾರನ್ನೂ ತಡೆಯಬೇಡಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1.70 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಹತ್ತಕ್ಕೆ ಏಳು ಮಂದಿ ಗಂಡಸರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ತನಕ ಕಾಯಬೇಡಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮನೆಗೆ ಫೋನ್ ಮಾಡುವುದನ್ನೇ ಬಿಟ್ಟಿದ್ದಾರೆ, ಇಷ್ಟಪಟ್ಟು ಕೊಂಡ ವಾಚನ್ನು ಸುಮ್ಮನೆ ಕೊಟ್ಟುಬಿಡುತ್ತಾರೆ, "ನಾನಿಲ್ಲದಿದ್ದರೆ ಚೆನ್ನಾಗಿತ್ತು" ಅನ್ನುತ್ತಾರೆ. ಇಂಥದ್ದು ಕಂಡರೆ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಆ ರಾತ್ರಿ ಒಂಟಿಯಾಗಿ ಬಿಡಬೇಡಿ, ಡ್ಯೂಟಿ ಇದ್ದರೆ ಸರದಿ ಹಾಕಿಕೊಳ್ಳಿ, ಬೆಳಗಾಗುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಪಾಯ ಎದುರಿಗೇ ಇದ್ದರೆ ಬೆಳಗಿನ ತನಕ ಕಾಯದೆ 998ಕ್ಕೆ ಕರೆದು ಆಂಬುಲೆನ್ಸ್ ತರಿಸಿ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342. ಊರಿನಲ್ಲಿ ಮನೆಯವರು ಕುಗ್ಗಿದ್ದರೆ ಅವರಿಗೆ ಟೆಲಿ ಮಾನಸ್‌ನ 14416 ಹೇಳಿ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು, ಕಷ್ಟ ನಿಮ್ಮದೇ ಆಗಿದ್ದರೆ? ಕೆಲಸ ಹೋದದ್ದನ್ನು, ಸಾಲ ಬೆಳೆದದ್ದನ್ನು ಮುಚ್ಚಿಟ್ಟು ಊರಿಗೆ "ಎಲ್ಲ ಚೆನ್ನಾಗಿದೆ" ಅನ್ನುತ್ತಿದ್ದೀರಿ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಎಲ್ಲರಿಗೂ ಹೇಳಬೇಕಿಲ್ಲ, ಒಬ್ಬರಿಗೆ ಹೇಳಿ. ರೂಮಿನಲ್ಲಿ ಬಾಯಿ ಬರದಿದ್ದರೆ, ಸಂಜೆ ಬಿಸಿಲು ಇಳಿದ ಮೇಲೆ ಅವರನ್ನು ಕಾರ್ನಿಶ್ ಕಡೆಗೆ ಕರೆದುಕೊಂಡು ನಡೆಯಿರಿ, ಹಮ್ದಾನ್ ಸ್ಟ್ರೀಟಿನಿಂದ ಅದೇನು ದೂರವಲ್ಲ. ಎದುರುಬದುರು ಕೂತು ಆಡಲಾಗದ ಮಾತು, ಸಮುದ್ರ ನೋಡುತ್ತಾ ಪಕ್ಕಪಕ್ಕದಲ್ಲಿ ನಡೆಯುವಾಗ ತಾನಾಗಿ ಬರುತ್ತದೆ. ಹೋಗುವ ದಾರಿಯಲ್ಲಿ ಎರಡು ಕಡಕ್ ಚಾ ತೆಗೆದುಕೊಳ್ಳಿ.