ಮೂವತ್ತು ರೂಪಾಯಿ ಕ್ಯಾಸೆಟ್ಟಿನ ಲೆಕ್ಕ

ಉಳಿತಾಯದ ಬಗ್ಗೆ ಮಾತಾಡುವವರೆಲ್ಲ ಒಂದು ಲೆಕ್ಕ ಹೇಳುತ್ತಾರೆ. ಇಂದು ಕೈಬಿಟ್ಟ ಸಣ್ಣ ಖರ್ಚು ಚಕ್ರಬಡ್ಡಿಯಲ್ಲಿ ಬೆಳೆದು ಮುಂದೆ ದೊಡ್ಡ ಮೊತ್ತವಾಗುತ್ತದೆ ಎಂಬ ಲೆಕ್ಕ. ಅದು ಸರಿಯಾದ ಲೆಕ್ಕವೇ. ಈ ಅಂಕಣದಲ್ಲಿ ನಾನೂ ಅದನ್ನು ಹೇಳುತ್ತ ಬಂದಿದ್ದೇನೆ. ಈ ಸಲ ಅದನ್ನೇ ನನ್ನ ಕ್ಯಾಸೆಟ್ಟುಗಳಿಗೆ ಹಾಕಿ ನೋಡುತ್ತೇನೆ.

1989ರಲ್ಲಿ ಒಂದು ಕ್ಯಾಸೆಟ್ಟಿಗೆ ನಾನು ಕೊಡುತ್ತಿದ್ದುದು ಸುಮಾರು 30 ರೂಪಾಯಿ. ಆ ಹಣ ಶೇ 8ರ ಚಕ್ರಬಡ್ಡಿಯಲ್ಲಿ ಇದ್ದಿದ್ದರೆ ಹೆಚ್ಚುಕಡಿಮೆ 9 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಿತ್ತು. 36 ವರ್ಷದಲ್ಲಿ ನಾಲ್ಕು ಸಲ ಇಮ್ಮಡಿ, ಅಂದರೆ 16 ಪಟ್ಟು. 30 ರೂಪಾಯಿ 480 ಆಗಿರುತ್ತಿತ್ತು.

480 ರೂಪಾಯಿಗೆ ಇವತ್ತು ನಮ್ಮೂರಿನ ಸಾಧಾರಣ ಹೋಟೆಲಿನಲ್ಲಿ ಮನೆಮಂದಿ ಒಂದು ಹೊತ್ತು ಊಟ ಮಾಡಿ ಬರಬಹುದು. ಆದರೆ ಆ ಕ್ಯಾಸೆಟ್ಟುಗಳಲ್ಲಿದ್ದ ಹಾಡುಗಳನ್ನು ನಮ್ಮ ಮನೆಯಲ್ಲಿ ಮೂರು ತಲೆಮಾರು ಕೇಳಿದೆ, ಈಗಲೂ ಕೇಳುತ್ತಿದೆ. ಖರ್ಚು ಮಾಡುವಾಗ ನಾವು ಬೆಲೆಯ ಚೀಟಿಯನ್ನು ಮಾತ್ರ ನೋಡುತ್ತೇವೆ. ಕೊಂಡದ್ದು ಎಷ್ಟು ವರ್ಷ ನಮ್ಮ ಜೊತೆ ಬಾಳುತ್ತದೆ ಎಂಬುದನ್ನೂ ನೋಡಬೇಕು. ಇದನ್ನು ನನಗೆ ಕಲಿಸಿದ್ದು ಬ್ಯಾಂಕಿನ ಪುಸ್ತಕವಲ್ಲ, ನಾಲ್ಕು ಧ್ವನಿಮುದ್ರಿಕೆಗಳು.

ಚೀಟಿ ಹಣ ಮತ್ತು ನಿತ್ಯೋತ್ಸವ

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಅಪ್ಪ ಹತ್ತಿ ಮಿಲ್ಲಿನ ಕಾರ್ಮಿಕ. ಅವ್ವ ಓಣಿಯ ಹೆಂಗಸರ ಜೊತೆ ಸೇರಿ ಚೀಟಿ ಹಾಕುತ್ತಿದ್ದಳು. ತಿಂಗಳಿಗೆ 50 ರೂಪಾಯಿಯ ಕಂತು, 20 ಜನ. ಕಷ್ಟ ಬಂದವರು ಮೊದಲು ಕೂಗಿ ಎತ್ತುತ್ತಿದ್ದರು, ತಡೆದುಕೊಳ್ಳಬಲ್ಲವರು ಕೊನೆಯವರೆಗೆ ಕಾದು ಹೆಚ್ಚು ಹಣ ಪಡೆಯುತ್ತಿದ್ದರು. ಅವ್ವ ಕೊನೆಗೆ ಎತ್ತಿದ ಒಂದು ಚೀಟಿಯಿಂದ ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಂತು. ಸಾಲ ಮಾಡಿ ತಂದ ವಸ್ತುವಲ್ಲ. ಬಂದ ದಿನವೇ ಅದು ಪೂರ್ತಿ ನಮ್ಮದಾಗಿತ್ತು.

ಅದರ ಜೊತೆ ಬಂದ ಕ್ಯಾಸೆಟ್ಟು ‘ನಿತ್ಯೋತ್ಸವ’. 1978ರಲ್ಲಿ ಹೊರಬಂದ ಈ ಧ್ವನಿಸುರುಳಿಯನ್ನು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಗುರುತಿಸುತ್ತಾರೆ. ಕವಿತೆಗಳು ಕೆ.ಎಸ್. ನಿಸಾರ್ ಅಹಮದ್ ಅವರವು, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ನಿಸಾರ್ ಅವರು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದ ಮೇಷ್ಟ್ರು. ಕಲ್ಲು ಮಣ್ಣಿನ ಶಾಸ್ತ್ರ ಬಲ್ಲವರು ಜೋಗದ ಬೆಳಕನ್ನೂ ತುಂಗೆಯ ಬಳುಕನ್ನೂ ಹಾಗೆ ಬರೆದರು ಎಂಬುದು ನನಗೆ ಆಗ ದೊಡ್ಡ ಬೆರಗು. ಓದು ಬರಹ ಹೆಚ್ಚು ಬಾರದ ಅವ್ವನ ಬಾಯಲ್ಲಿ ಆಧುನಿಕ ಕನ್ನಡ ಕವಿತೆ ಬಂದು ಕೂತದ್ದು ಆ ಕ್ಯಾಸೆಟ್ಟಿನಿಂದ. ಪುಸ್ತಕ ಮಾಡಲಾಗದ ಕೆಲಸವನ್ನು ಹಾಡು ಮಾಡಿತು.

ಮನೆಯಲ್ಲಿ ಬಹಳ ದಿನ ಇದ್ದದ್ದು ಅದೊಂದೇ ಕ್ಯಾಸೆಟ್ಟು. ಅಕ್ಕಪಕ್ಕದವರೂ ಸಂಜೆ ನಮ್ಮ ಕಟ್ಟೆಗೆ ಬಂದು ಕೂತು ಕೇಳುತ್ತಿದ್ದರು. ಒಂದು ಮನೆಯ ಖರ್ಚಿನಲ್ಲಿ ಒಂದು ಓಣಿಯೇ ಹಾಡು ಕೇಳಿತು. ಹಂಚಿಕೊಂಡರೂ ಕಡಿಮೆಯಾಗದ ವಸ್ತುಗಳು ಮಾರುಕಟ್ಟೆಯಲ್ಲಿ ಬಹಳ ಇಲ್ಲ. ಹಣ ಹಾಕುವಾಗ ಅಂಥವಕ್ಕೆ ಮೊದಲ ಜಾಗ ಕೊಡಬೇಕು.

ನಿಧಾನ ಬರುವ ಲಕ್ಷ್ಮಿ

ನನ್ನ ಮೊದಲ ಕೆಲಸ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ. ಮಂಡಿಪೇಟೆಯ ದಲ್ಲಾಳಿ ಅಂಗಡಿಗಳಿಗೆ ಹೋಗಿ ಖಾತೆ ಪುಸ್ತಕ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಶುಕ್ರವಾರ ಬೆಳಿಗ್ಗೆ ಎಷ್ಟೋ ಅಂಗಡಿಗಳಲ್ಲಿ ಊದುಬತ್ತಿಯ ಹೊಗೆಯ ಜೊತೆ ಒಂದೇ ಕಂಠ ಕೇಳುತ್ತಿತ್ತು. ಪಂಡಿತ್ ಭೀಮಸೇನ ಜೋಶಿಯವರ ದಾಸರ ಪದಗಳು. ಗದಗ ಸೀಮೆಯಲ್ಲಿ 1922ರಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿದ ಅವರು ಕೊನೆಯವರೆಗೂ ಕನ್ನಡದ ದಾಸರನ್ನು ಬಿಡಲಿಲ್ಲ. ಮೊದಲ ಸಂಬಳದಲ್ಲಿ ನಾನು ಕೊಂಡದ್ದು ಆ ಪದಗಳ ಕ್ಯಾಸೆಟ್ಟು.

ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಕನ್ನಡಿಗರ ಮನೆ ಮನೆಯ ಹಾಡು. ಅಂಗಡಿಯವರು ಅದನ್ನು ಧನಲಕ್ಷ್ಮಿಯ ಸ್ವಾಗತಕ್ಕೆ ಹಾಕುತ್ತಾರೆ. ದಾಸರ ಹಿಂದಿನ ಬದುಕಿನ ಕಥೆಯೂ ಎಲ್ಲರಿಗೂ ಗೊತ್ತು: ನವಕೋಟಿ ನಾರಾಯಣನೆನಿಸಿದ ಶ್ರೀನಿವಾಸ ನಾಯಕ, ಲೇವಾದೇವಿ ಮತ್ತು ರತ್ನದ ವ್ಯಾಪಾರ, ಹೆಂಡತಿಯ ಮೂಗುತಿಯ ಪ್ರಸಂಗ, ಕೊನೆಗೆ ಸರ್ವಸ್ವವನ್ನೂ ದಾನಮಾಡಿ ತಂಬೂರಿ ಹಿಡಿದು ಹೊರಟದ್ದು. ಹಣದ ಒಳಹೊರಗು ಕಂಡವರು ಕರೆದ ಲಕ್ಷ್ಮಿ ಅವಳು. ಆ ಪದದಲ್ಲಿ ಲಕ್ಷ್ಮಿ ಧಾವಿಸಿ ಬರುವುದಿಲ್ಲ, ಒಂದೊಂದೇ ಹೆಜ್ಜೆಯಿಟ್ಟು ಬರುತ್ತಾಳೆ. ಭೀಮಸೇನರು ಹಾಡುವಾಗ ಆ ನಡಿಗೆಯ ಗತ್ತು ಕಿವಿಗೆ ಕಾಣುತ್ತದೆ.

ಖಾತೆ ಪುಸ್ತಕಗಳಲ್ಲೂ ನಾನು ಕಂಡದ್ದು ಇದೇ. ಒಂದೇ ಹಂಗಾಮಿನಲ್ಲಿ ಮೆಕ್ಕೆಜೋಳದ ಸಟ್ಟಾ ಆಡಿ ಮೇಲೆದ್ದವರ ಹೆಸರು ಮುಂದಿನ ಹಂಗಾಮಿಗೆ ಪುಸ್ತಕದಲ್ಲಿ ಇರುತ್ತಿರಲಿಲ್ಲ. ವರ್ಷ ವರ್ಷ ಸಣ್ಣ ಲಾಭ ಕಟ್ಟಿಕೊಂಡು ಬಂದವರ ಅಂಗಡಿಗಳು ಇಂದಿಗೂ ಇವೆ. ತಿಂಗಳು ತಿಂಗಳು ಸಣ್ಣ ಮೊತ್ತ ಕಟ್ಟುವ ಆರ್‌ಡಿ, ಪಿಪಿಎಫ್, ಎಸ್‌ಐಪಿಗಳ ಬಗ್ಗೆ ನಾನು ಇಷ್ಟು ವರ್ಷ ಬರೆದದ್ದಕ್ಕೆಲ್ಲ ಮೂಲ ಆ ಶುಕ್ರವಾರಗಳಲ್ಲಿದೆ.

ಮಿಲ್ಲು ಮುಚ್ಚಿದ ಮೇಲೆ

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿದ್ದ ಊರಿನಲ್ಲಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪ ದುಡಿಯುತ್ತಿದ್ದ ಮಿಲ್ಲೂ ನಿಂತಿತು. ಬಾಕಿ ಸಂಬಳ ಬರಲಿಲ್ಲ. ಬರಬೇಕಾದ ಗ್ರಾಚ್ಯುಟಿಗೆ ವರ್ಷಗಟ್ಟಲೆ ಅಲೆಯಬೇಕಾಯಿತು. ಐದು ಜನರ ಮನೆ ನನ್ನ ಗುಮಾಸ್ತಿಕೆಯ ಸಂಬಳದ ಮೇಲೆ ನಿಂತಿತು. ಹಾಲು ಅರ್ಧಕ್ಕಿಳಿಯಿತು, ಹಬ್ಬದ ಬಟ್ಟೆ ನಿಂತಿತು, ಹೊಸ ಕ್ಯಾಸೆಟ್ಟಿನ ಮಾತೇ ಇರಲಿಲ್ಲ.

ಆದರೆ ಇದ್ದ ಕ್ಯಾಸೆಟ್ಟುಗಳು ನಿಲ್ಲಲಿಲ್ಲ. ಅವುಗಳಲ್ಲೊಂದು ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಷರೀಫರ ಪದಗಳದು. ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಷರೀಫ’ ಚಿತ್ರ 1990ರಲ್ಲಿ ಬಂದಾಗ ಆ ಹಾಡುಗಳು ಊರೂರಿನ ಕ್ಯಾಸೆಟ್ ಅಂಗಡಿಗಳಿಂದ ಮೊಳಗುತ್ತಿದ್ದವು. ಅಪ್ಪನಿಗೆ ಷರೀಫರು ಹೊಸಬರಲ್ಲ. ಹಾವೇರಿ ಕಡೆಯ ಭಜನಾ ಮೇಳಗಳಲ್ಲಿ ಕೇಳಿ ಬೆಳೆದಿದ್ದರು. ಸೋರುವ ಮನೆಯನ್ನು ಎದುರಿಟ್ಟುಕೊಂಡು ಹಾಡಿದ ಸಂತ ಅವರು. ಕೆಲಸವಿಲ್ಲದೆ ಮನೆಯಲ್ಲಿ ಕೂತ ಮನುಷ್ಯನಿಗೆ ಮಧ್ಯಾಹ್ನ ಬಲು ಉದ್ದ. ಆ ಮಧ್ಯಾಹ್ನಗಳಲ್ಲಿ ಅಪ್ಪ ಅಶ್ವತ್ಥರ ಏರುದನಿಯನ್ನು ಹಾಕಿಕೊಂಡು ಕೂರುತ್ತಿದ್ದರು, ಮೆಲ್ಲಗೆ ತಾವೂ ದನಿಗೂಡಿಸುತ್ತಿದ್ದರು. ಅಪ್ಪ ಕುಡಿತಕ್ಕೆ ಬೀಳದೆ, ಮಾತು ಬಿಡದೆ ಆ ಕಾಲವನ್ನು ದಾಟಿದ್ದರಲ್ಲಿ ಆ ಕ್ಯಾಸೆಟ್ಟಿನ ಪಾಲು ಇದೆ ಎಂದು ನಾನು ಪೂರ್ತಿ ನಂಬಿದ್ದೇನೆ.

ಹಣಕಾಸಿನ ಭಾಷೆಯಲ್ಲಿ ಹೇಳುವುದಾದರೆ, ದುಡಿಮೆ ಇದ್ದಾಗ ಪೂರ್ತಿ ಹಣ ಕೊಟ್ಟು ಕೊಂಡ ವಸ್ತು ದುಡಿಮೆ ನಿಂತಾಗ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಕಂತಿನ ಮೇಲೆ ತಂದದ್ದು, ಬಾಡಿಗೆಗೆ ಪಡೆದದ್ದು ಮೊದಲು ಕೈಬಿಡುವುದು ಕಷ್ಟದ ತಿಂಗಳಲ್ಲೇ. ಆರು ತಿಂಗಳ ಖರ್ಚಿನಷ್ಟು ಆಪತ್ತಿನ ನಿಧಿ ಇಡಿ ಎಂದು ನಾವು ಹೇಳುತ್ತೇವಲ್ಲ, ಅದರ ಪಕ್ಕದಲ್ಲೇ ನಾನು ಇನ್ನೊಂದನ್ನು ಸೇರಿಸುತ್ತೇನೆ: ಸ್ವಂತದ್ದಾದ ಒಂದಿಷ್ಟು ಸಂಗೀತ, ಒಂದಿಷ್ಟು ಪುಸ್ತಕ. ಅಕ್ಕಿ ಬೇಳೆಗೆ ನಿಧಿ ಆಗುತ್ತದೆ. ಮನಸ್ಸಿಗೂ ಒಂದು ದಾಸ್ತಾನು ಬೇಕು.

ಹಾಡು ಹಾಡಿದವರ ಹಣ

ನಾಲ್ಕನೆಯದು ನಾನು ಕೊಂಡದ್ದಲ್ಲ, ಮದುವೆಯಾಗಿ ಬಂದ ಹೆಂಡತಿ ತಂದದ್ದು. ಎಂ.ಎಸ್. ಸುಬ್ಬುಲಕ್ಷ್ಮಿಯವರ ‘ವೆಂಕಟೇಶ ಸುಪ್ರಭಾತ’. 1963ರಲ್ಲಿ ಎಚ್‌ಎಂವಿ ಹೊರತಂದ ಈ ಧ್ವನಿಮುದ್ರಿಕೆ ಕೇಳದ ದಕ್ಷಿಣ ಭಾರತದ ಮನೆ ಅಪರೂಪ. ಇದರ ರಾಯಲ್ಟಿಯನ್ನು ಎಂ.ಎಸ್. ಅವರು ತಿರುಮಲ ತಿರುಪತಿ ದೇವಸ್ಥಾನದ ವೇದ ಪಾಠಶಾಲೆಗೆ ಬಿಟ್ಟುಕೊಟ್ಟರು. ಅವರ ಕಛೇರಿಗಳ ಹಣವೂ ಬಹುಪಾಲು ಆಸ್ಪತ್ರೆ, ಶಾಲೆ, ಧರ್ಮಕಾರ್ಯಗಳಿಗೆ ಹೋಯಿತು. ಮುಂದೆ ಮನೆ ಮಾರಬೇಕಾದಷ್ಟು ಕಷ್ಟ ಬಂತು. ಕೊಟ್ಟೇ ಅಭ್ಯಾಸವಿದ್ದ ಎಂ.ಎಸ್. ಮತ್ತು ಅವರ ಪತಿ ನೆರವನ್ನು ದಾನವಾಗಿ ಪಡೆಯಲು ಸಿದ್ಧರಿರಲಿಲ್ಲ. ಆಗ ದೇವಸ್ಥಾನ ಅವರಿಂದ ಅನ್ನಮಾಚಾರ್ಯರ ಕೀರ್ತನೆಗಳನ್ನೂ ಸ್ತೋತ್ರಗಳನ್ನೂ ಹಾಡಿಸಿ ‘ಬಾಲಾಜಿ ಪಂಚರತ್ನಮಾಲಾ’ ಎಂಬ ಐದು ಎಲ್‌ಪಿಗಳನ್ನು ಹೊರತಂದಿತು. ದುಡಿದು ಪಡೆದ ಹಣವಾಗಿ ಅದು ಅವರ ಕೈ ಸೇರಿತು. 1998ರಲ್ಲಿ ಭಾರತರತ್ನ ಪಡೆದ ಕಲಾವಿದೆಯ ಬದುಕಿನ ಪುಟ ಇದು.

ಬಹುಪಾಲು ಕಲಾವಿದರಿಗೆ ನೌಕರರಂತೆ ಪಿಂಚಣಿ ಇಲ್ಲ, ಪಿಎಫ್ ಇಲ್ಲ. ಅವರ ಆಸ್ತಿ ಎಂದರೆ ಹಾಡೇ. ನಮ್ಮ ಕಾನೂನಿನ ಪ್ರಕಾರ ಸಾಹಿತ್ಯ ಮತ್ತು ಸಂಗೀತ ರಚನೆಯ ಕೃತಿಸ್ವಾಮ್ಯ ರಚನಕಾರರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ನಿಸಾರ್ ಅಹಮದ್ 2020ರಲ್ಲಿ ಅಗಲಿದರು. ಅವರ ಕವಿತೆಗಳ ಕೃತಿಸ್ವಾಮ್ಯ 2080ರ ಕೊನೆಯವರೆಗೆ ಇದೆ. 2012ರ ತಿದ್ದುಪಡಿ ಇನ್ನೊಂದು ದೊಡ್ಡ ಉಪಕಾರ ಮಾಡಿತು. ಧ್ವನಿಮುದ್ರಿಕೆಗೆ ಬರೆದುಕೊಟ್ಟ ಹಾಡಿನ ರಾಯಲ್ಟಿಯ ಪಾಲನ್ನು ಗೀತರಚನಕಾರರು, ಸಂಗೀತ ಸಂಯೋಜಕರು ತಮ್ಮ ವಾರಸುದಾರರಿಗೆ ಅಥವಾ ವಸೂಲಿ ಮಾಡಿಕೊಡುವ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡುವಂತಿಲ್ಲ. ನಿಮ್ಮ ಮನೆಯಲ್ಲಿ ಹಾಡು ಬರೆಯುವವರು, ರಾಗ ಹಾಕುವವರು ಇದ್ದರೆ ಸಂಘದಲ್ಲಿ ನೋಂದಣಿ ಮಾಡಿಸಿ. ಉಯಿಲು ಬರೆಯುವಾಗ ಹೊಲ, ಮನೆ, ಒಡವೆಯ ಜೊತೆ ಈ ಹಕ್ಕನ್ನೂ ಬರೆಯಿರಿ.

ಈಗಿನ ಕಾಲದ ಲೆಕ್ಕ

ಈಗ ಕ್ಯಾಸೆಟ್ ಅಂಗಡಿಗಳಿಲ್ಲ. ಲಕ್ಷಾಂತರ ಹಾಡುಗಳು ಫೋನಿನಲ್ಲಿವೆ. ಆ್ಯಪ್‌ಗಳು ಕೆಟ್ಟವೆಂದು ನಾನು ಹೇಳುವುದಿಲ್ಲ. ಹೊಸದನ್ನು ಹುಡುಕಲು, ಮರೆತದ್ದನ್ನು ನೆನಪಿಸಿಕೊಳ್ಳಲು ಅವು ಬಹಳ ಒಳ್ಳೆಯ ಸಾಧನ. ಆದರೆ ಅದು ಬಾಡಿಗೆ ಎಂಬುದು ನೆನಪಿರಲಿ. ತಿಂಗಳಿಗೆ 150 ರೂಪಾಯಿ ಎಂದುಕೊಂಡರೆ ಹತ್ತು ವರ್ಷಕ್ಕೆ 18,000. ಅದೇ ಹಣ ತಿಂಗಳು ತಿಂಗಳು ಶೇ 8ರಲ್ಲಿ ಬೆಳೆದರೆ ಸುಮಾರು 27,600. ಕಟ್ಟುವುದು ನಿಲ್ಲಿಸಿದ ತಿಂಗಳು ಉಳಿಸಿಟ್ಟುಕೊಂಡ ಹಾಡುಗಳ ಮೇಲಿನ ಹಿಡಿತವೂ ಸಡಿಲವಾಗುತ್ತದೆ. ಒಂದೇ ಮನೆಯಲ್ಲಿ ಮೂರು ಜನ ಮೂರು ಚಂದಾ ಕಟ್ಟುತ್ತಿದ್ದರೆ ಒಂದು ಕುಟುಂಬ ಯೋಜನೆಗೆ ಬನ್ನಿ. ಯುಪಿಐ ಆಟೋಪೇ ಪಟ್ಟಿಯನ್ನು ತೆರೆದು ನೋಡಿ, ಯಾರೂ ಕೇಳದ ಆ್ಯಪ್‌ಗೆ ಹಣ ಹೋಗುತ್ತಿದ್ದರೆ ಇವತ್ತೇ ರದ್ದು ಮಾಡಿ. ಹಣ ಕಡಿತಕ್ಕೆ 24 ಗಂಟೆ ಮುಂಚೆ ಬರುವ ಸಂದೇಶವನ್ನು ಓದದೆ ಅಳಿಸಬೇಡಿ.

ದುಬಾರಿ ಸ್ಪೀಕರನ್ನು ಕ್ರೆಡಿಟ್ ಕಾರ್ಡಿನ ‘ನೋ ಕಾಸ್ಟ್’ ಕಂತಿನಲ್ಲಿ ತರುವ ಮುನ್ನ ಷರತ್ತು ಓದಿ. ಬಡ್ಡಿಯನ್ನು ರಿಯಾಯಿತಿಯಾಗಿ ತೋರಿಸಿದರೂ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಅನೇಕ ಸಲ ಸಂಸ್ಕರಣಾ ಶುಲ್ಕ, ನಮ್ಮ ಮೇಲೆಯೇ ಬೀಳುತ್ತವೆ. ನಮ್ಮ ಅವ್ವನ ಚೀಟಿಯ ದಾರಿ ಇಂದಿಗೂ ಒಳ್ಳೆಯದು. ಮೊದಲು ಕೂಡಿಸಿ, ಆಮೇಲೆ ಕೊಳ್ಳಿ. ಹಳೆಯ ಎಲ್‌ಪಿಗಳನ್ನು ಹೂಡಿಕೆಯೆಂದು ಕೊಳ್ಳಬೇಡಿ. ಬೇಕೆಂದಾಗ ಮಾರಲು ನಿಶ್ಚಿತ ಮಾರುಕಟ್ಟೆ ಇಲ್ಲ, ನಿಶ್ಚಿತ ಬೆಲೆಯೂ ಇಲ್ಲ. ಕೇಳಲು ಕೊಳ್ಳಿ.

ಹೀಗೆ ಚಂದಾ, ಕಂತುಗಳಲ್ಲಿ ಮಿಕ್ಕಿದ ಹಣದಲ್ಲಿ ವರ್ಷಕ್ಕೆ ಒಂದೆರಡು ಸಲ ನಿಜವಾಗಿ ಕೊಂಡುಕೊಳ್ಳಿ. ಊರಿನ ಸಂಗೀತ ಸಭಾದ ಸದಸ್ಯತ್ವ, ಒಂದು ಕಛೇರಿಯ ಟಿಕೆಟ್, ಕಛೇರಿ ಮುಗಿದ ಮೇಲೆ ಗಾಯಕರ ಕೈಯಿಂದಲೇ ಪಡೆದ ಸಿಡಿ. ಈ ಹಣ ಹಾಡಿದವರ ಮನೆಗೆ ನೇರವಾಗಿ ತಲುಪುತ್ತದೆ, ಕೊಂಡ ಹಾಡು ನಿಮ್ಮ ಮನೆಯಲ್ಲಿ ಉಳಿಯುತ್ತದೆ.

ಮುಂದಿನ ತಿಂಗಳ ಮನೆಖರ್ಚಿನ ಪಟ್ಟಿ ಬರೆಯುವಾಗ ದಿನಸಿ, ಕರೆಂಟು, ಶಾಲೆ ಫೀಸಿನ ಕೆಳಗೆ ‘ಸಂಗೀತ’ ಎಂದು ಒಂದು ಸಾಲು ಸೇರಿಸಿ. ನೂರು ರೂಪಾಯಿಯೇ ಇರಲಿ. ಆ ಹಣವನ್ನು ಬೇರೆ ಯಾವುದಕ್ಕೂ ತಿರುಗಿಸಬೇಡಿ. ನಿಮ್ಮ ಮಕ್ಕಳು ಐವತ್ತು ವರ್ಷದವರಾದಾಗಲೂ ಕೇಳಲಿ ಎನಿಸುವ ಹಾಡುಗಳಿಗೆ ಮಾತ್ರ ಅದನ್ನು ಖರ್ಚು ಮಾಡಿ.