ಬಿಸಿಲಿಗೆ ಬಾಡಿದ ಕುಂಡದ ಮಾವಿನ ಸಸಿಗಳ ಆರೈಕೆ

ಹಲಗೇರಿ, ಬ್ಯಾಡಗಿ ಭಾಗದಲ್ಲಿ ಏಪ್ರಿಲ್ ತಿಂಗಳ ಉಷ್ಣತೆ 37-38 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಮುಂಗಾರಿನಲ್ಲಿ ನೆಡಲೆಂದು ಕುಂಡಗಳಲ್ಲಿ ಇಟ್ಟುಕೊಂಡ ಆಪೂಸ್ ಕಸಿ ಸಸಿಗಳು ಆಗ ನೀರು ತಪ್ಪಿದರೆ ಬೇಗ ಬಾಡುತ್ತವೆ. ಎಲೆ ಒಣಗಿದ ಮಾತ್ರಕ್ಕೆ ಸಸಿಯನ್ನು ಕಿತ್ತೆಸೆಯಬಾರದು. ಕಸಿ ಗಂಟಿನ ಮೇಲಿನ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ.

ತೀರ ಒಣಗಿದ ಮಣ್ಣು ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಮೇಲಿಂದ ಸುರಿದ ನೀರು ಆ ಸಂದಿಯಲ್ಲಿ ಇಳಿದುಹೋಗುತ್ತದೆಯೇ ಹೊರತು ಬೇರಿಗೆ ಮುಟ್ಟುವುದಿಲ್ಲ. ತಳದಿಂದ ನೀರು ಹರಿದದ್ದನ್ನು ಕಂಡು ರೈತರು ಮೋಸಹೋಗುವುದು ಇಲ್ಲಿಯೇ. ಆದ್ದರಿಂದ ಕುಂಡವನ್ನು ನೀರಿನ ಬಾನಿಯಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಮುಳುಗಿಸಿಟ್ಟು, ಹೊರತೆಗೆದು ನೀರು ಬಸಿದ ಮೇಲೆ ಮರದ ನೆರಳಿನಲ್ಲಿ ಇಡಬೇಕು. ಮುಂದೆ ಮೇಲ್ಮಣ್ಣು ಒಂದು ಅಂಗುಲ ಒಣಗಿದಾಗ ಮಾತ್ರ ನೀರು ಕೊಡಬೇಕು. ದಿನವೂ ಕೆಸರು ಮಾಡಿದರೆ ಉಳಿದ ಬೇರೂ ಕೊಳೆಯುತ್ತದೆ.

ಬೇಗ ಚಿಗುರಲೆಂದು ಯೂರಿಯಾ ಹಾಕುವುದು ವಿಷವಿಟ್ಟಂತೆ. ಗೊಬ್ಬರದ ಲವಣಾಂಶವು ಬೇರು ನೀರು ಹೀರದಂತೆ ತಡೆಯುತ್ತದೆ. ಹೊಸ ಎಲೆ ಬಲಿತ ಮೇಲೆ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಒಣ ರೆಂಬೆಗಳನ್ನೂ ಚಿಗುರು ಕಂಡ ನಂತರವೇ ಸವರಬೇಕು.

ಗಂಟಿನ ಕೆಳಗೆ ಒಡೆದ ಚಿಗುರು ಜವಾರಿ ಮಾವಿನದು, ಅದನ್ನು ಚಿವುಟಬೇಕು. ಗಂಟಿನ ಮೇಲೆ ಪೂರ್ತಿ ಒಣಗಿದ್ದರೆ ಮಾತ್ರ ಅದನ್ನು ಬೆಳೆಯಗೊಟ್ಟು, ಮಳೆಗಾಲದಲ್ಲಿ ಮತ್ತೆ ಕಸಿ ಕಟ್ಟಿಸಬಹುದು.