ಸುಳ್ಳು ಪತ್ತೆಯ ಯಂತ್ರವೂ ನಿರಪರಾಧಿಯೂ

ಹುಬ್ಬಳ್ಳಿಯ ಕಮರಿಪೇಟೆಯ ಅಂಗಡಿಯೊಂದರಲ್ಲಿ ಕಳವಾಯಿತೆಂದು ಊಹಿಸೋಣ. ಸಂಶಯಕ್ಕೊಳಗಾದ 100 ಮಂದಿಯನ್ನು ಒಬ್ಬೊಬ್ಬರಾಗಿ ಸುಳ್ಳು ಪತ್ತೆಯ ಯಂತ್ರದಿಂದ ಪರೀಕ್ಷಿಸಲಾಯಿತು. ಕಳ್ಳನು ಅವರಲ್ಲಿ ಒಬ್ಬನೇ. ಯಂತ್ರವು ಆತನನ್ನು ಗುರುತಿಸಬಲ್ಲುದೇ?

ಪಾಲಿಗ್ರಾಫ್ ಎಂಬ ಈ ಯಂತ್ರವು ಅಳೆಯುವುದು ರಕ್ತದ ಒತ್ತಡ, ನಾಡಿಯ ಬಡಿತ, ಉಸಿರಾಟ ಮತ್ತು ಚರ್ಮದ ವಿದ್ಯುದ್ವಾಹಕತೆಗಳನ್ನು. ಬೆರಳು ಬೆವರಿದರೆ ಚರ್ಮದಲ್ಲಿ ವಿದ್ಯುತ್ತು ಹೆಚ್ಚು ಸುಲಭವಾಗಿ ಹರಿಯುತ್ತದೆ. ಆದರೆ ಆ ಬೆವರು ಸುಳ್ಳಿನಿಂದ ಬಂದಿತೋ ಬರಿಯ ಭಯದಿಂದ ಬಂದಿತೋ ಎಂಬುದನ್ನು ಯಾವ ಮಾಪಕವೂ ಹೇಳಲಾರದು. ಅಳತೆ ಸರಿಯಿದ್ದರೂ ಅದರಿಂದ ತೆಗೆದ ತೀರ್ಮಾನ ತಪ್ಪಾಗಬಹುದು.

ಇನ್ನು ಲೆಕ್ಕವನ್ನು ನೋಡೋಣ. ಪರೀಕ್ಷೆಯು ನೂರಕ್ಕೆ 90 ಸಲ ಸರಿಯೆಂದಿಟ್ಟುಕೊಳ್ಳಿ. ಕಳ್ಳನು ಸಿಕ್ಕಿಬಿದ್ದರೂ, ಉಳಿದ 99 ನಿರಪರಾಧಿಗಳಲ್ಲಿ ಸುಮಾರು 10 ಮಂದಿ ಸುಳ್ಳುಗಾರರೆನಿಸುವರು. ಯಂತ್ರವು ತೋರಿಸಿದ 11 ಮಂದಿಯಲ್ಲಿ 10 ಮಂದಿ ನಿರ್ದೋಷಿಗಳು!

ಇಂತಹ ಪರೀಕ್ಷೆಗಳ ಪ್ರಶ್ನೆಯು ನಮ್ಮ ರಾಜ್ಯದಿಂದಲೇ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ 2010ರ ಮೇ 5ರಂದು ತೀರ್ಪು ಹೊರಬಿದ್ದಿತು. ಪಾಲಿಗ್ರಾಫ್, ಮಂಪರು ಪರೀಕ್ಷೆ, ಮೆದುಳಿನ ವಿದ್ಯುತ್ ಪರೀಕ್ಷೆ — ಇವುಗಳಲ್ಲಿ ಯಾವುದನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಕೂಡದು. ಏಕೆಂದರೆ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗಲು ಬಲಾತ್ಕರಿಸುವುದನ್ನು ಸಂವಿಧಾನದ 20(3)ನೆಯ ವಿಧಿಯು ನಿಷೇಧಿಸಿದೆ. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಫಲಿತಾಂಶವೂ ತಾನಾಗಿ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ದೊರೆತ ವಸ್ತು ಅಥವಾ ಸಂಗತಿಯನ್ನು ನ್ಯಾಯಾಲಯವು ಪರಿಗಣಿಸಬಹುದು.

ವಿದ್ಯಾರ್ಥಿಗಳೇ, ಪ್ರಯೋಗಶಾಲೆಯಲ್ಲಿ ತಪ್ಪಿದರೆ ಪ್ರಯೋಗವನ್ನು ಮತ್ತೊಮ್ಮೆ ಮಾಡಬಹುದು. ಸೆರೆಯಲ್ಲಿ ಕಳೆದುಹೋದ ವರ್ಷಗಳನ್ನು ಯಾರೂ ಮರಳಿಸಲಾರರು.